ಕುದ್ರುವಿನ ನೀರು ಕೆಡಿಸುವ ಸರಳ ವಿಧಾನ

ಮಿಕ್ಸಿಯ ಜೊತೆ ಬರುವ ಪುಸ್ತಕವನ್ನು ಯಾರೂ ಓದುವುದಿಲ್ಲ. ಮಿಕ್ಸಿ ಕೆಟ್ಟ ದಿನ ಹುಡುಕುತ್ತೇವೆ. ಅಷ್ಟರಲ್ಲಿ ಅದು ಹಳೇ ಪೇಪರಿನವನ ಪಾಲಾಗಿರುತ್ತದೆ. ಕುದ್ರುವಿನ ಜೊತೆಗಂತೂ ಯಾವ ಪುಸ್ತಕವೂ ಬಂದಿರಲಿಲ್ಲ. ನದಿ ತಂದು ಹಾಕಿದ ಮರಳು, ಕಡಲು ಹಿಂದಕ್ಕೆ ತಳ್ಳಿದ ಕೆಸರು, ಅದರ ಮೇಲೆ ಯಾರೋ ಅಜ್ಜ ನೆಟ್ಟ ನಾಲ್ಕು ತೆಂಗಿನ ಸಸಿ, ಇಷ್ಟು ಸೇರಿ ಆದ ನೆಲ ಅದು. ಆದರೂ ನಮ್ಮವರು ಯಾರ ಪಾಠವೂ ಇಲ್ಲದೆ ಅದರ ನೀರು ಕೆಡಿಸುವುದನ್ನು ಕಲಿತುಕೊಂಡಿದ್ದಾರೆ. ಆ ವಿದ್ಯೆ ಒಂದು ತಲೆಮಾರಿಗೇ ಮುಗಿದುಹೋಗಬಾರದಲ್ಲ, ಅದಕ್ಕೆ ಈ ಕೈಪಿಡಿ.

ಯಾವ ಮಾದರಿಗೆ ಇದು ಅನ್ವಯಿಸುತ್ತದೆ?

ಅಳಿವೆಯ ಹತ್ತಿರ, ಸಿಹಿನೀರೂ ಉಪ್ಪುನೀರೂ ದಿನಕ್ಕೆ ಎರಡು ಸಲ ಜಗಳವಾಡುವ ಜಾಗದಲ್ಲಿರುವ ಎಲ್ಲ ನಡುಗಡ್ಡೆಗಳಿಗೂ ಅನ್ವಯಿಸುತ್ತದೆ. ಕುಂದಾಪುರ, ಉಡುಪಿ, ಮಂಗಳೂರಿನ ಕಡೆ ಇದಕ್ಕೆ ಕುದ್ರು ಎನ್ನುತ್ತಾರೆ. ಉತ್ತರ ಕನ್ನಡಕ್ಕೆ ಹೋದರೆ ಕುರ್ವೆ: ಶರಾವತಿಯಲ್ಲಿ ಮಾವಿನಕುರ್ವೆ, ಅಘನಾಶಿನಿಯಲ್ಲಿ ಐಗಳಕುರ್ವೆ. ನೇತ್ರಾವತಿಯ ನಡುವೆ ಪಾವೂರು ಉಳಿಯ ಇದೆ. ಗೊಂಬೆಯಾಟದಿಂದ ಹೆಸರಾದ ಉಪ್ಪಿನಕುದ್ರುವಿನ ಹೆಸರಿನಲ್ಲೇ ಉಪ್ಪು ಕೂತಿದೆ. ನನ್ನ ಅತ್ತೆಯ ಮನೆ ಇರುವುದು ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಒಂದಾಗಿ ಗಂಗೊಳ್ಳಿಯಲ್ಲಿ ಕಡಲು ಸೇರುವ ಪಂಚಗಂಗಾವಳಿಯ ಒಂದು ಸಣ್ಣ ಕುದ್ರುವಿನಲ್ಲಿ. ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಹಬ್ಬಕ್ಕೆ ನನಗೆ ಅಲ್ಲಿ ಊಟ ಸಿಗುವುದಿಲ್ಲ.

ಯಂತ್ರದ ಪರಿಚಯ

ಕುದ್ರುವಿನ ಬಾವಿಯಲ್ಲಿ ಸಿಹಿನೀರು ಸಿಗುವುದೇ ಒಂದು ಪವಾಡ. ಸುತ್ತ ಉಪ್ಪು, ನಡುವೆ ಸಿಹಿ. ಹಳಬರು ಇದನ್ನು ದೇವರ ಲೆಕ್ಕಕ್ಕೆ ಬರೆಯುತ್ತಿದ್ದರು. 19ನೇ ಶತಮಾನದ ಕೊನೆಗೆ ಡಚ್ ಸೈನ್ಯದ ಅಧಿಕಾರಿ ಘೈಬೆನ್, 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್, ಒಬ್ಬರಿಗೊಬ್ಬರು ಕೇಳದೆ ಇದೇ ಲೆಕ್ಕವನ್ನು ತೂಕದ ಖಾತೆಗೆ ಬರೆದರು. ಸಿಹಿನೀರು ಹಗುರ, ಕಡಲ ನೀರು ಸ್ವಲ್ಪ ಭಾರ. ಹಾಗಾಗಿ ಮರಳಿಗೆ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ಗಂಜಿಯ ಕೆನೆಯಂತೆ ತೇಲುತ್ತದೆ. ಕಡಲ ಮಟ್ಟಕ್ಕಿಂತ ಒಂದು ಅಡಿ ಸಿಹಿನೀರು ಮೇಲಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇಳಿದು ನಿಂತಿರುತ್ತದೆ. ಮೇಲಿನ ಒಂದು ಅಡಿಯನ್ನು ಎಳೆದುಬಿಟ್ಟಿರೋ, ಕೆಳಗಿನ ನಲವತ್ತೂ ಕೈಬಿಟ್ಟು ಹೋಗುತ್ತದೆ. ಇದು ಪುಸ್ತಕದ ಲೆಕ್ಕ. ಅಂಗೈಯಗಲದ ನಮ್ಮ ಕುದ್ರುಗಳಲ್ಲಿ ಕೆನೆ ಇನ್ನೂ ತೆಳು.

ಆದ್ದರಿಂದ ಮೊದಲ ಕೆಲಸ: ಬಾವಿಯ ರಾಟೆ ಬಿಚ್ಚಿ ಅಟ್ಟಕ್ಕೆ ಹಾಕಿ. ಒಂದು ಎಚ್‌ಪಿ ಪಂಪು ಕೂರಿಸಿ. ಕೊಡಪಾನದಲ್ಲಿ ಸೇದುವವರು ಅರಿಯದೆಯೇ ನೀರಿಗೆ ಮರ್ಯಾದೆ ಕೊಡುತ್ತಾರೆ. ಪಂಪಿಗೆ ಆ ಸಮಸ್ಯೆ ಇಲ್ಲ.

ಆದರೆ ಉಪ್ಪಿನಿಂದ ನೀರು ಕೆಟ್ಟರೆ ನಾಲಿಗೆಗೆ ಗೊತ್ತಾಗಿಬಿಡುತ್ತದೆ, ಜನ ಎಚ್ಚರಾಗುತ್ತಾರೆ. ನಮಗೆ ಬೇಕಾದದ್ದು ಬಣ್ಣ, ವಾಸನೆ, ರುಚಿ ಮೂರೂ ಇಲ್ಲದ, ಬಾವಿಗಿಳಿದರೂ ಯಾರಿಗೂ ಕಾಣದ ಪದಾರ್ಥ. ಅದರ ಹೆಸರು ನೈಟ್ರೇಟ್.

ಬೇಕಾಗುವ ಸಾಮಗ್ರಿ

ಮುಖ್ಯ ಕಚ್ಚಾವಸ್ತು ಸಾರಜನಕ. ಇದನ್ನು ಕೊಳ್ಳಲು ಎಲ್ಲಿಗೂ ಹೋಗಬೇಕಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ. ಆದರೆ ಗಾಳಿಯ ಸಾರಜನಕ ನಿರುಪದ್ರವಿ, ಎರಡೆರಡು ಪರಮಾಣು ಕೈಕೈ ಹಿಡಿದು ಕೂತಿರುತ್ತವೆ, ಸಿಡಿಲಿಗೋ ಕೆಲವು ಸೂಕ್ಷ್ಮಾಣುಗಳಿಗೋ ಬಿಟ್ಟರೆ ಯಾರಿಗೂ ಬಗ್ಗುವುದಿಲ್ಲ. 1909ರಲ್ಲಿ ಫ್ರಿಟ್ಸ್ ಹೇಬರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಆ ಹಿಡಿತ ಬಿಡಿಸಿ ಅಮೋನಿಯಾ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ಏರಿಸಿದರು. 1913ರಲ್ಲಿ ಜರ್ಮನಿಯ ಓಪಾವ್‌ನಲ್ಲಿ ಉತ್ಪಾದನೆ ಶುರುವಾಯಿತು. ಇಬ್ಬರಿಗೂ ನೊಬೆಲ್ ಬಂತು. ಇವತ್ತು ಜಗತ್ತು ಉಣ್ಣುವ ಅನ್ನದ ದೊಡ್ಡ ಪಾಲು ಆ ಕುಲುಮೆಯಿಂದಲೇ ಬರುತ್ತದೆ. ಹಸಿದವರ ಮುಂದೆ ನಿಂತು ಯೂರಿಯಾವನ್ನು ಬೈಯುವ ಧೈರ್ಯ ನನಗಿಲ್ಲ. ಬೈಯಬೇಕಾದದ್ದು ಮಿಕ್ಕಿ ಹರಿಯುವುದನ್ನು.

ನಿಮಗೆ ಬೇಕಾದ್ದು ಒಂದು ಚೀಲ. ಸೊಸೈಟಿಯಲ್ಲಿ ಸಿಗುತ್ತದೆ, 45 ಕಿಲೋ, 266 ರೂಪಾಯಿ 50 ಪೈಸೆ. ಸರ್ಕಾರಕ್ಕೆ ತಗಲುವ ಖರ್ಚು ಇದರ ಹಲವು ಪಟ್ಟು; ಅದನ್ನು ಸಬ್ಸಿಡಿಯಲ್ಲಿ ನೀವೇ ಬೇರೆ ಜೇಬಿನಿಂದ ಕೊಟ್ಟಿರುತ್ತೀರಿ. 2015ರಿಂದ ಚೀಲದ ಮೇಲೆ ಬೇವು ಲೇಪಿತ ಎಂದು ಬರೆದಿರುತ್ತದೆ. ಬೇವಿನೆಣ್ಣೆ ಇರುವುದು ಯೂರಿಯಾ ನಿಧಾನವಾಗಿ ನೈಟ್ರೇಟ್ ಆಗಲಿ ಎಂದು. ನಮ್ಮ ಉದ್ದೇಶಕ್ಕೆ ಇದೊಂದು ಅಡ್ಡಿ, ಆದರೆ ಜೂನ್ ತಿಂಗಳ ಮಳೆ ಅದನ್ನು ನಿವಾರಿಸಿಕೊಡುತ್ತದೆ.

ಈಗ ಒಂದು ಲೆಕ್ಕ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅಂದರೆ ಚೀಲದಲ್ಲಿ 20.7 ಕಿಲೋ. ಅದಷ್ಟೂ ನೈಟ್ರೇಟ್ ಆದರೆ ಆಮ್ಲಜನಕದ ಭಾರವೂ ಸೇರಿ ಸುಮಾರು 92 ಕಿಲೋ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ದಾಟಬಾರದು ಎನ್ನುವುದು ಭಾರತೀಯ ಮಾನಕ. ಅಂದರೆ ಒಂದು ಚೀಲಕ್ಕೆ ಸುಮಾರು 20 ಲಕ್ಷ ಲೀಟರ್ ಶುದ್ಧ ನೀರನ್ನು ಆ ಗೆರೆಗೆ ತಂದು ನಿಲ್ಲಿಸುವ ತಾಕತ್ತಿದೆ. ಎರಡು ಮೀಟರ್ ಅಗಲ, ಎರಡು ಮೀಟರ್ ನೀರಿರುವ ಬಾವಿಗಳಾದರೆ ಮುನ್ನೂರು. ನಮ್ಮ ಅತ್ತೆಯ ಕುದ್ರುವಿನಲ್ಲಿ ಅಷ್ಟು ಬಾವಿಯೇ ಇಲ್ಲ.

ಎಲ್ಲವೂ ಬಾವಿಗೆ ಹೋಗುವುದಿಲ್ಲ, ನಿಜ. ಗಿಡ ಒಂದಷ್ಟು ತಿನ್ನುತ್ತದೆ, ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ನೀರು ನಿಂತ ಭತ್ತದ ಗದ್ದೆಯಲ್ಲಿ ಹಾಕಿದ್ದರ ಮೂರನೇ ಒಂದು ಪಾಲು ಪೈರಿಗೆ ದಕ್ಕಿದರೆ ಹೆಚ್ಚು. ಉಳಿದದ್ದು ನಮ್ಮದು.

ಮೊದಲ ಹಂತ: ತೋಟ

ತೆಂಗಿನ ಮರವೊಂದಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ ಕೊಡಬೇಕೆಂದು ಕೃಷಿ ಶಿಫಾರಸು ಹೇಳುತ್ತದೆ. ಅಂದರೆ ಒಂದು ಕಿಲೋ ಚಿಲ್ಲರೆ ಯೂರಿಯಾ. ನಲವತ್ತು ಮರವಿದ್ದರೆ ವರ್ಷಕ್ಕೆ ಒಂದು ಚೀಲ. ಇದನ್ನು ಎರಡು ಕಂತಿನಲ್ಲಿ, ಮಣ್ಣು ಪರೀಕ್ಷೆ ಮಾಡಿಸಿ, ಹಟ್ಟಿಗೊಬ್ಬರದ ಜೊತೆ, ಮಳೆಯ ಬಿರುಸು ನೋಡಿಕೊಂಡು ಹಾಕಬೇಕೆಂಬುದೂ ಅದೇ ಶಿಫಾರಸಿನಲ್ಲಿದೆ. ಆ ಭಾಗವನ್ನು ಓದಬೇಡಿ.

ಹಾಕುವ ಸರಿಯಾದ ಸಮಯ: ಮೊದಲ ಮಳೆ ಬಂತು, ಶಾಲೆ ಶುರುವಾಯಿತು, ಆಳು ಸಿಕ್ಕಿದ, ಆ ದಿನ. ಸರಿಯಾದ ಪ್ರಮಾಣ: ಕೈಗೆ ಬಂದಷ್ಟು. ಕರಾವಳಿಯಲ್ಲಿ ವರ್ಷಕ್ಕೆ 3500ರಿಂದ 4000 ಮಿಲಿಮೀಟರ್ ಮಳೆ, ಹೆಚ್ಚುಕಡಿಮೆ ಎಲ್ಲವೂ ನಾಲ್ಕು ತಿಂಗಳಲ್ಲಿ. ಮರಳು ನೆಲ ನೀರನ್ನು ಹಿಡಿದಿಡುವುದಿಲ್ಲ, ಜರಡಿ. ಜೊತೆಗೆ ನೈಟ್ರೇಟ್‌ಗೂ ಮಣ್ಣಿನ ಕಣಕ್ಕೂ ಇರುವುದು ಒಂದೇ ಜಾತಿಯ ವಿದ್ಯುದಂಶ, ಋಣ. ಒಂದನ್ನೊಂದು ದೂಡುತ್ತವೆ. ಅಮೋನಿಯಮ್ ಆದರೂ ಮಣ್ಣಿಗೆ ಅಂಟಿಕೊಂಡೀತು, ನೈಟ್ರೇಟ್ ಅಂಟುವುದಿಲ್ಲ. ನೀರು ಹೋದಲ್ಲಿಗೆ ಅದೂ ಹೋಗುತ್ತದೆ.

ಅಮೋನಿಯಮ್ಮನ್ನು ನೈಟ್ರೇಟ್ ಮಾಡಲು ಕೂಲಿ ಕೊಡಬೇಕಿಲ್ಲ. ಮಣ್ಣಿನಲ್ಲಿ ಎರಡು ಪಾಳಿಯ ಬ್ಯಾಕ್ಟೀರಿಯಾಗಳಿವೆ. ಮೊದಲ ಪಾಳಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಎರಡನೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ರಷ್ಯದ ವಿನೋಗ್ರಾದ್‌ಸ್ಕಿ ಇವನ್ನು 1890ರ ಹೊತ್ತಿಗೆ ಬೇರ್ಪಡಿಸಿ ತೋರಿಸಿದರು. ಗಾಳಿಯಾಡುವ ಮರಳು ಇವಕ್ಕೆ ಹೇಳಿಮಾಡಿಸಿದ ಜಾಗ. ಹರತಾಳ ಇಲ್ಲ, ಭಾನುವಾರದ ರಜೆ ಇಲ್ಲ.

ಹಿಂದೆ ಇದೇ ತೆಂಗಿನ ಬುಡಕ್ಕೆ ಏನು ಹಾಕುತ್ತಿದ್ದರು ಎಂದು ಅತ್ತೆಯನ್ನು ಕೇಳಿದೆ. ಸೊಪ್ಪು, ಬೂದಿ, ಹಟ್ಟಿಗೊಬ್ಬರ. ಬೈಗೆ ಮೀನು ರಾಶಿ ಬಿದ್ದು ಕೊಳ್ಳುವವರಿಲ್ಲದ ವರ್ಷ ಮೀನೇ ಗೊಬ್ಬರ. ಅದರಲ್ಲೂ ಸಾರಜನಕ ಇತ್ತು, ಆದರೆ ಕೊಳೆತು ಬಿಡಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು, ಮೇಲಾಗಿ ಆ ವಾಸನೆಗೆ ಯಾರೂ ಕೈಗೆ ಬಂದಷ್ಟು ಹಾಕುತ್ತಿರಲಿಲ್ಲ. ವಾಸನೆಯೂ ಒಂದು ಅಳತೆಗೋಲು. ಯೂರಿಯಾಕ್ಕೆ ಅದಿಲ್ಲ.

ಎರಡನೇ ಹಂತ: ಗುಂಡಿ

ತೋಟವಿಲ್ಲದವರು ನಿರಾಶರಾಗಬೇಕಿಲ್ಲ. ಮನುಷ್ಯನೊಬ್ಬ ವರ್ಷಕ್ಕೆ ಸುಮಾರು ನಾಲ್ಕೂವರೆ ಕಿಲೋ ಸಾರಜನಕವನ್ನು ಹೊರಹಾಕುತ್ತಾನೆ. ಅದರಲ್ಲಿ ಬಹುಪಾಲು ಮೂತ್ರದಲ್ಲಿ. ಐದು ಜನರ ಸಂಸಾರ ಅಂದರೆ ವರ್ಷಕ್ಕೆ ಒಂದು ಚೀಲ ಯೂರಿಯಾ, ಸೊಸೈಟಿಗೆ ಹೋಗದೆ, ಆಧಾರ್ ಕಾರ್ಡ್ ತೋರಿಸದೆ, ಸ್ವಂತ ತಯಾರಿ.

ಅದನ್ನು ಬಾವಿಗೆ ಮುಟ್ಟಿಸುವುದು ಹೇಗೆ? ಬಾವಿಗೂ ಶೌಚದ ಗುಂಡಿಗೂ ನಡುವೆ ಹತ್ತು ಹದಿನೈದು ಮೀಟರ್ ಇರಲಿ ಎಂದು ಎಂಜಿನಿಯರುಗಳು ಹೇಳುತ್ತಾರೆ. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಎರಡು ಮೀಟರ್ ಒಣ ಮಣ್ಣಿರಲಿ ಎಂದೂ ಹೇಳುತ್ತಾರೆ. ಕುದ್ರುವಿನ ಐದು ಸೆಂಟ್ಸ್ ಜಾಗ ಚೌಕವಾಗಿದ್ದರೆ ಒಂದು ಬದಿ ಹದಿನಾಲ್ಕು ಮೀಟರ್. ಅದರಲ್ಲಿ ಮನೆ, ಹಟ್ಟಿ, ತುಳಸಿಕಟ್ಟೆ, ಬಾವಿ, ಗುಂಡಿ, ಪಕ್ಕದಲ್ಲಿ ಅಣ್ಣನ ಪಾಲಿನ ಬಾವಿ, ತಮ್ಮನ ಪಾಲಿನ ಗುಂಡಿ. ಆಟಿ ತಿಂಗಳಲ್ಲಿ ಅಂಗಳದಲ್ಲಿ ಗುದ್ದಲಿ ಹಾಕಿದರೆ ಮೊಣಕಾಲಿಗೆ ನೀರು. ಒಣ ಮಣ್ಣು ಎರಡು ಮೀಟರ್ ಬೇಕಾದರೆ ಗುಂಡಿಯನ್ನು ಮಾಡಿನ ಮೇಲೆ ತೋಡಬೇಕು.

ಹಾಗಾಗಿ ಈ ಹಂತದಲ್ಲಿ ನೀವು ವಿಶೇಷವಾಗಿ ಏನೂ ಮಾಡುವುದು ಬೇಡ. ನಿಯಮ ಪಾಲಿಸಬೇಕೆಂದು ಹೊರಟರೂ ಪಾಲಿಸಲಾಗದು. ಇಲ್ಲಿ ನನ್ನ ತಕರಾರು ಕುದ್ರುವಿನವರ ಮೇಲಲ್ಲ. ಬಯಲಿಗೆ ಹೋಗಬೇಡಿ ಎಂದು ಹೇಳಿ ಎಲ್ಲ ಊರಿಗೂ ಒಂದೇ ನಕ್ಷೆಯ ಗುಂಡಿ ಕೊಟ್ಟೆವು. ಗುಡ್ಡದ ಮೇಲಿನ ಮುರಕಲ್ಲಿಗೆ ಹೊಂದುವ ನಕ್ಷೆ ಅಳಿವೆಯ ಮರಳಿಗೆ ಹೊಂದುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಒಂದು ಸೂಕ್ಷ್ಮ ಗಮನಿಸಿ. ಗುಂಡಿಯಿಂದ ಹೊರಟ ರೋಗಾಣುಗಳನ್ನು ಮಣ್ಣು ಬಹುಮಟ್ಟಿಗೆ ಸೋಸಿ ತಡೆಯುತ್ತದೆ. ಅಂತರ ಕೇಳುವುದೇ ಅದಕ್ಕೆ. ನೈಟ್ರೇಟನ್ನು ಅದು ಸೋಸುವುದಿಲ್ಲ. ಬಾವಿಯ ನೀರಿನಲ್ಲಿ ಕ್ರಿಮಿ ಸಿಗದಿದ್ದರೆ ನೀರು ಚೆನ್ನಾಗಿದೆ ಎಂದು ಸರ್ಟಿಫಿಕೇಟು ಬರೆದುಕೊಳ್ಳಬಹುದು. ನಮ್ಮ ಕೆಲಸಕ್ಕೆ ಅದು ಅತ್ಯುತ್ತಮ ಮುಸುಕು.

ಮೂರನೇ ಹಂತ: ನೆರೆಹೊರೆಯ ಸಹಕಾರ

ಕುದ್ರುವಿನ ನಾಲ್ಕು ಮನೆಗಳಿಂದ ಅಳಿವೆ ಕೆಡುವುದಿಲ್ಲ. ಮೇಲಿನವರು ಕೈಜೋಡಿಸಬೇಕು, ಜೋಡಿಸುತ್ತಾರೆ. ಘಟ್ಟದ ಬುಡದ ಅಡಿಕೆ ತೋಟ, ಬಯಲಿನ ಭತ್ತ, ಪೇಟೆಯ ಚರಂಡಿ, ಮೀನಿನ ಕಾರ್ಖಾನೆಯ ತೊಳೆದ ನೀರು, ಎಲ್ಲದರ ಕೊನೆಯ ನಿಲ್ದಾಣ ಅಳಿವೆ. ಹೊಳೆಗೆ ಅಡ್ಡ ಕಟ್ಟಿದ ಕಿಂಡಿ ಅಣೆಕಟ್ಟಿಗೆ ಚಳಿಗಾಲದಲ್ಲಿ ಹಲಗೆ ಹಾಕುತ್ತಾರೆ. ಉಪ್ಪುನೀರು ಮೇಲೆ ಹತ್ತದಿರಲಿ ಎಂದು, ಒಳ್ಳೆಯದೇ. ಹಲಗೆಯ ಹಿಂದೆ ನಿಂತ ನೀರಿಗೆ ಬೇಸಗೆಯ ಆರು ತಿಂಗಳು ಹೋಗಲು ದಾರಿಯಿಲ್ಲ. ಮಳೆಗೆ ಮುಂಚೆ ಹಲಗೆ ತೆಗೆದಾಗ ಕೂಡಿಟ್ಟದ್ದೆಲ್ಲ ಒಂದೇ ಉಸಿರಿಗೆ ಕೆಳಗೆ. ಕುದ್ರುವಿನವರ ಪಾಲಿಗೆ ಮುಂಗಾರಿನ ಮೊದಲ ಕೆಂಪುನೀರು ಅಂದರೆ ಇಡೀ ತಾಲ್ಲೂಕಿನ ಬಾಕಿ ವಸೂಲಿ.

ಬಂದದ್ದು ಸೀದಾ ಕಡಲಿಗೆ ಹೋಗುತ್ತದಲ್ಲ, ನಮಗೇನು ಎನ್ನುವವರು ಭರತವನ್ನು ಮರೆತಿದ್ದಾರೆ. ದಿನಕ್ಕೆ ಎರಡು ಸಲ ಕಡಲು ಅದನ್ನು ಹಿಂದಕ್ಕೆ ತಂದುಕೊಡುತ್ತದೆ. ಇಳಿತಕ್ಕೆ ಹೋಗಿ, ಭರತಕ್ಕೆ ಬಂದು, ಮತ್ತೆ ಹೋಗಿ, ಮತ್ತೆ ಬಂದು, ಮಗಳ ಮನೆಗೂ ಮಗನ ಮನೆಗೂ ನಡುವೆ ಓಡಾಡುವ ಮುದುಕರ ಹಾಗೆ.

ಹಿನ್ನೀರಿನಲ್ಲಿ ಸಿಗಡಿ ಕೆರೆ ಇದ್ದರೆ ಇನ್ನೂ ಅನುಕೂಲ. ಸಿಗಡಿಗೆ ಹಾಕಿದ ತಿಂಡಿಯ ಸಾರಜನಕದಲ್ಲಿ ಕಾಲು ಭಾಗವೋ, ಮೂರನೇ ಒಂದು ಭಾಗವೋ ಸಿಗಡಿಯ ಮೈಗೆ ಸೇರುತ್ತದೆ. ಮಿಕ್ಕದ್ದು ನೀರಿಗೆ, ಕೆಸರಿಗೆ. ಕಡಲತೀರದ ಸಿಗಡಿ ಕೆರೆಗಳ ಬಗ್ಗೆ ಸುಪ್ರೀಂ ಕೋರ್ಟು 1996ರಲ್ಲಿ ಕಟುವಾದ ತೀರ್ಪು ಕೊಟ್ಟಿತು. 2005ರಲ್ಲಿ ಬಂದ ಕಾನೂನು ಅದೇ ಕೆರೆಗಳಿಗೆ ನೋಂದಣಿಯ ದಾರಿ ತೆರೆಯಿತು. ತೀರ್ಪು ಒಂದು ಭರತ, ಕಾನೂನು ಒಂದು ಇಳಿತ.

ನಾಲ್ಕನೇ ಹಂತ: ಸುರಕ್ಷಾ ಸಾಧನಗಳನ್ನು ಕಳಚುವುದು

ಎಚ್ಚರಿಕೆ! ಕುದ್ರುವಿನಲ್ಲಿ ಕಾರ್ಖಾನೆಯಿಂದಲೇ ಅಳವಡಿಸಿದ ಒಂದು ಸುರಕ್ಷಾ ಸಾಧನ ಇರುತ್ತದೆ. ಅದನ್ನು ಕಳಚದಿದ್ದರೆ ಈವರೆಗಿನ ನಿಮ್ಮ ಶ್ರಮದ ಬಹುಪಾಲು ವ್ಯರ್ಥ.

ಅದು ಕೆಸರು. ಕಾಂಡ್ಲಾ ಗಿಡಗಳ ಬುಡದ, ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುವ, ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಕೆಸರು. ಅದರೊಳಗೆ ಗಾಳಿ ಇಲ್ಲ. ಆಮ್ಲಜನಕ ಸಿಗದ ಬ್ಯಾಕ್ಟೀರಿಯಾಗಳು ಅಲ್ಲಿ ನೈಟ್ರೇಟಿನಿಂದ ಆಮ್ಲಜನಕ ಕಿತ್ತುಕೊಂಡು ಉಸಿರಾಡುತ್ತವೆ. ಉಳಿದ ಸಾರಜನಕ ಗುಳ್ಳೆಯಾಗಿ ಎದ್ದು ಗಾಳಿಗೆ ಸೇರುತ್ತದೆ. ಹೇಬರ್ ಮತ್ತು ಬಾಷ್ ಭಾರಿ ಒತ್ತಡದ ಕುಲುಮೆಯಲ್ಲಿ ಬಿಡಿಸಿದ ಕೈಗಳನ್ನು ಈ ಕೆಸರು ಸದ್ದಿಲ್ಲದೆ ಮತ್ತೆ ಜೋಡಿಸಿಬಿಡುತ್ತದೆ. ಒಂದು ಪೈಸೆ ಸಬ್ಸಿಡಿ ಇಲ್ಲದೆ. (ಅತಿಯಾಗಿ ತಿನ್ನಿಸಿದರೆ ಅದೂ ಅಜೀರ್ಣವಾಗಿ ನೈಟ್ರಸ್ ಆಕ್ಸೈಡ್ ತೇಗುತ್ತದೆ. ಭೂಮಿಯನ್ನು ಬಿಸಿಮಾಡುವುದರಲ್ಲಿ ಆ ಅನಿಲ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು.)

ಆದ್ದರಿಂದ ಕಾಂಡ್ಲಾ ಕಡಿಯಿರಿ. ಸೊಳ್ಳೆ ಹೆಚ್ಚು ಎನ್ನಿ, ದೋಣಿಗೆ ಅಡ್ಡ ಎನ್ನಿ, ಹೋಂಸ್ಟೇಗೆ ಬಂದವರಿಗೆ ಹೊಳೆ ಕಾಣುವುದಿಲ್ಲ ಎನ್ನಿ, ಕಾರಣಕ್ಕೆ ಬರವಿಲ್ಲ. ಕಡಿದ ಜಾಗಕ್ಕೆ ಶಿಲೆಕಲ್ಲಿನ ತಡೆಗೋಡೆ ಕಟ್ಟಿಸಿ. ಗೋಡೆ ಕೆಸರನ್ನು ಹೊಳೆಯಿಂದ ಬೇರ್ಪಡಿಸುತ್ತದೆ, ಉದ್ಘಾಟನೆಗೆ ಕಲ್ಲೂ ಸಿಗುತ್ತದೆ. ಹಿನ್ನೀರಿನ ದ್ವೀಪಗಳಲ್ಲಿ ಭರತದ ಗೆರೆಯಿಂದ 20 ಮೀಟರ್ ಒಳಗೆ ಹೊಸ ಕಟ್ಟಡ ಬೇಡ ಎನ್ನುತ್ತದೆ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ. 20 ಮೀಟರ್ ಅಂದರೆ ಒಂದು ತೆಂಗಿನ ಮರದ ಉದ್ದ. ಅಳೆಯುವವರು ಬಂದ ದಿನ ಇಳಿತ ಇದ್ದರೆ ಇನ್ನೂ ಹಗುರ.

ಬಳಸಬಾರದ ವಿಧಾನ

ಕೆಲವು ಕಡೆ ಜನ ಹಳೆಯ ಕ್ರಮದಲ್ಲೇ ಹೋಗಿ ನೀರನ್ನು ಹಾಗೇ ಬಿಟ್ಟಿದ್ದಾರೆ. ಅವರನ್ನು ಅನುಕರಿಸಬಾರದು ಎಂದು ಹೇಳುವುದಕ್ಕಾದರೂ ಅವರ ವಿಷಯ ಬರೆಯಬೇಕು.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಗಜನಿ ಗದ್ದೆಗಳಿವೆ. ಭರತದ ನೀರು ನುಗ್ಗದಂತೆ ಒಡ್ಡು ಹಾಕಿದ ತಗ್ಗು ಭೂಮಿ. ಮಳೆಗಾಲ ಶುರುವಾಗಿ ಉಪ್ಪು ತೊಳೆದುಹೋದ ಮೇಲೆ ಅಲ್ಲಿ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಎತ್ತರಕ್ಕೆ ಬೆಳೆಯುವ, ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುವ ತಳಿ. ಅದಕ್ಕೆ ಯೂರಿಯಾ ಹಾಕುವುದಿಲ್ಲ. ಹೊಳೆ ತಂದ ಗೋಡು, ಹಿಂದಿನ ವರ್ಷದ ಹುಲ್ಲು ಕೊಳೆತದ್ದು, ಅಷ್ಟೇ ಗೊಬ್ಬರ. ಕೊಯ್ಲಿನಲ್ಲಿ ತೆನೆ ಮಾತ್ರ ಕತ್ತರಿಸಿ ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಒಡ್ಡಿನ ಬಾಗಿಲು ತೆರೆದು ಭರತಕ್ಕೆ ದಾರಿ ಕೊಡುತ್ತಾರೆ. ನೀರಿನ ಜೊತೆ ಸಿಗಡಿ, ಮೀನು, ಏಡಿ ಬಂದು ಆ ಹುಲ್ಲಿನ ನಡುವೆ ಮೇಯುತ್ತವೆ. ಅವುಗಳ ಹಿಕ್ಕೆ ಮುಂದಿನ ಕಗ್ಗಕ್ಕೆ ಗೊಬ್ಬರ. ಹೀಗೆ ಸಾರಜನಕ ಆ ಗದ್ದೆಯೊಳಗೇ ಸುತ್ತು ಹೊಡೆಯುತ್ತದೆ, ಹೊರಗೆ ಬಂದು ಯಾರ ಬಾವಿಯನ್ನೂ ನೋಡುವುದಿಲ್ಲ.

ಇಳುವರಿ ಕಡಿಮೆ, ಒಡ್ಡು ಕಾಯಲು ಊರೆಲ್ಲ ಒಟ್ಟಾಗಬೇಕು, ಒಬ್ಬ ಹಿಂದೆ ಸರಿದರೆ ಎಲ್ಲರ ಗದ್ದೆಗೂ ಉಪ್ಪು. ಹಾಗಾಗಿ ಎಷ್ಟೋ ಗಜನಿಗಳು ಸಿಗಡಿಯ ಗುತ್ತಿಗೆಗೆ ಹೋದವು, ಎಷ್ಟೋ ಪಾಳು ಬಿದ್ದವು. ಮಾಣಿಕಟ್ಟಾದ ಕಡೆ ಇನ್ನೂ ಕೆಲವರು ಬಿಟ್ಟಿಲ್ಲ. ಅದೇ ಅಳಿವೆಯಲ್ಲಿ ಹೆಂಗಸರು ಇಳಿತದ ಹೊತ್ತಿಗೆ ಇಳಿದು ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಾರೆ. ಬಳಚು ಮಾಡುವುದೂ ಸುರಕ್ಷಾ ಸಾಧನದ ಕೆಲಸವೇ: ದಿನವಿಡೀ ನೀರನ್ನು ಸೋಸಿ ಪಾಚಿ ತಿನ್ನುತ್ತದೆ, ನಾವು ಅದನ್ನು ತಿಂದಾಗ ಆ ಪಾಚಿಯ ಸಾರಜನಕವೂ ಹೊಳೆಯಿಂದ ಮೇಲೆ ಬರುತ್ತದೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ನಮ್ಮ ಕೈಪಿಡಿಯ ದೃಷ್ಟಿಯಲ್ಲಿ ಇದೊಂದು ಹಿನ್ನಡೆ.

ಯಂತ್ರ ಸರಿಯಾಗಿ ಓಡುತ್ತಿದೆ ಎಂದು ತಿಳಿಯುವುದು ಹೇಗೆ?

ಹೊಳೆ ಹೇಳುತ್ತದೆ. ಮಳೆ ನಿಂತು ಬಿಸಿಲು ಬಿದ್ದ ಮೇಲೆ ಹರಿವಿಲ್ಲದ ಮೂಲೆಗಳಲ್ಲಿ ನೀರು ಹಸಿರುಗಟ್ಟುತ್ತದೆ. ಸಿಹಿನೀರಿನ ಕೆರೆಯಲ್ಲಿ ಪಾಚಿಯ ಹಸಿವು ಸಾಮಾನ್ಯವಾಗಿ ರಂಜಕಕ್ಕೆ. ಉಪ್ಪುನೀರಿಗೆ ಬಂದಂತೆ ಕೊರತೆ ಬೀಳುವುದು ಹೆಚ್ಚಾಗಿ ಸಾರಜನಕ. ನಾವು ಅದನ್ನು ಬಡಿಸಿದ್ದೇವಲ್ಲ. ಹಗಲೆಲ್ಲ ಪಾಚಿ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೀರಿ ನೀರಿನ ಕ್ಷಾರತ್ವ ಏರಿಸುತ್ತದೆ. ಕ್ಷಾರ ಏರಿದಷ್ಟೂ ನಿರಪಾಯದ ಅಮೋನಿಯಮ್ ವಿಷದ ಅಮೋನಿಯಾ ಆಗುತ್ತದೆ. ರಾತ್ರಿ ಬಿಸಿಲಿಲ್ಲ, ಪಾಚಿಯೂ ಉಸಿರಾಡುತ್ತದೆ, ಆಮ್ಲಜನಕ ಖಾಲಿ. ಮೀನಿಗೆ ಹಗಲು ವಿಷ, ರಾತ್ರಿ ಉಸಿರುಕಟ್ಟು. ಬೆಳಗಿನ ಜಾವ ಕಾಣೆ ಮೀನು ಬಾಯಿ ಮೇಲೆತ್ತಿಕೊಂಡು ದಡಕ್ಕೆ ಬರುತ್ತದೆ. ಗಾಳವಿಲ್ಲದೆ ಕೈಯಲ್ಲೇ ಹಿಡಿಯಬಹುದು. ಮೊದಲ ವರ್ಷ ಜನ ಇದನ್ನು ಅದೃಷ್ಟ ಎಂದುಕೊಳ್ಳುತ್ತಾರೆ.

ಪಾಚಿಯಲ್ಲೂ ಜಾತಿಗಳಿವೆ, ಎಲ್ಲವೂ ಸಾಧುವಲ್ಲ. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯ ಅಳಿವೆಯಲ್ಲಿ ವಿಷದ ಪಾಚಿ ತಿಂದ ಮರುವಾಯಿ ಎಂಬ ಚಿಪ್ಪುಜೀವಿಯನ್ನು ತಿಂದು ಹಲವರು ಆಸ್ಪತ್ರೆ ಸೇರಿದರು, ಹುಡುಗನೊಬ್ಬ ತೀರಿಕೊಂಡ. ಅಳಿವೆಯ ಮರುವಾಯಿ ಸುಕ್ಕ ಇವತ್ತಿಗೂ ನನಗೆ ಪ್ರಾಣ; ಆದರೆ ನೀರು ಬಣ್ಣಗೆಟ್ಟ ವಾರ ಮುಟ್ಟುವುದಿಲ್ಲ.

ದೋಷ ಪತ್ತೆ ಮತ್ತು ಪರಿಹಾರ

ನೀರು ಕೆಟ್ಟಿದೆ ಎಂದು ಯಾರಿಗೂ ಅನ್ನಿಸುತ್ತಿಲ್ಲವೇ? ಇದು ದೋಷವಲ್ಲ, ಗುಣ. ಅತ್ತೆ ಲೋಟ ಎತ್ತಿ ಬೆಳಕಿಗೆ ಹಿಡಿದು ತೋರಿಸಿದರು. "ನೀರ್ ಎಷ್ಟ್ ತಿಳಿ ಇತ್ತ್ ಕಾಣ್ ಮಗಾ." ತಿಳಿಯೇ ಇತ್ತು. ತಂಪಾಗಿಯೂ ಇತ್ತು. ನಾನು ಎರಡು ಲೋಟ ಕುಡಿದೆ.

ಮನೆಯವರಿಗೆ ಅನುಮಾನ ಬಂದಿದೆಯೇ? ಕುದಿಸಿ ಕುಡಿಯಲು ಹೇಳಿ. "ಕುದ್ಸಿ ಕುಡುದಲ್ದಾ, ಮತ್ತೆಂತ ಹೆದ್ರಿಕೆ?" ಎಂದರು ಅತ್ತೆ. ಕ್ರಿಮಿ ಸಾಯುತ್ತದೆ, ನೈಟ್ರೇಟ್ ಸಾಯುವುದಿಲ್ಲ. ಅದಕ್ಕೆ ಜೀವವೇ ಇಲ್ಲ. ನೀರು ಆವಿಯಾಗಿ ನೈಟ್ರೇಟ್ ಉಳಿಯುವುದರಿಂದ ಕುದಿದಷ್ಟೂ ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ, ಕ್ಲೋರಿನ್ ಹಾಕಿದರೂ ಅಷ್ಟೇ. ಆರ್‌ಒ ಯಂತ್ರ ತೆಗೆಯುತ್ತದೆ, ತೆಗೆದದ್ದನ್ನು ಪಕ್ಕದ ಕೊಳವೆಯಿಂದ ಅಂಗಳಕ್ಕೆ ಬಿಡುತ್ತದೆ. ಅಂಗಳದಿಂದ ಮರಳಿಗೆ, ಮರಳಿನಿಂದ ಬಾವಿಗೆ.

ಮನೆಯಲ್ಲಿ ಹಸುಗೂಸು ಇದೆಯೇ?

ಇಲ್ಲಿ ಕೈಪಿಡಿಯ ಭಾಷೆ ನನಗೆ ಕೈಕೊಡುತ್ತದೆ. 1945ರಲ್ಲಿ ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ, ನೀಲಿಗಟ್ಟಿದ ಎರಡು ಕೂಸುಗಳ ಬಗ್ಗೆ ಬರೆದರು. ಎರಡಕ್ಕೂ ಬಾವಿ ನೀರಿನಲ್ಲಿ ಹಾಲು ಕದಡಿ ಕೊಡುತ್ತಿದ್ದರು. ಕೂಸಿನ ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗುತ್ತದೆ, ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ, ಆಮೇಲೆ ರಕ್ತ ಆಮ್ಲಜನಕ ಹೊರುವುದಿಲ್ಲ. ಕೂಸು ತುಟಿಯಿಂದ ನೀಲಿಯಾಗತೊಡಗುತ್ತದೆ. ತಾಯಿಯ ಹಾಲು ಕುಡಿಯುವ ಮಗುವಿಗೆ ಈ ಭಯ ಇಲ್ಲ. ಡಬ್ಬಿಯ ಹಾಲಿನ ಪುಡಿಯನ್ನು ಬಾವಿ ನೀರಿನಲ್ಲಿ ಕದಡುವುದಾದರೆ ಮೊದಲು ಆ ನೀರನ್ನು ಪರೀಕ್ಷೆ ಮಾಡಿಸಿ. ಆರು ತಿಂಗಳೊಳಗಿನ ಮಗುವಿರುವ ಮನೆಗೆ ಈ ವಾಕ್ಯ ತಮಾಷೆಯಲ್ಲ.

ವಾರಂಟಿ

ದೇಶದ ಅಂತರ್ಜಲದ ಮಾದರಿಗಳಲ್ಲಿ ಸುಮಾರು ಐದರಲ್ಲೊಂದು ನೈಟ್ರೇಟಿನ ಗೆರೆ ದಾಟಿದೆ ಎಂದು ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿ ಹೇಳಿತು; ಹೆಚ್ಚು ದಾಟಿದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವಿದೆ. ಬಯಲುಸೀಮೆಯ ಆಳದ ಬೋರ್‌ವೆಲ್‌ಗಳಿಗೆ ಹೊಕ್ಕ ನೈಟ್ರೇಟ್ ದಶಕಗಟ್ಟಲೆ ಉಳಿಯುತ್ತದೆ. ಅಲ್ಲಿ ನಮ್ಮ ವಿಧಾನಕ್ಕೆ ದೀರ್ಘಾವಧಿಯ ವಾರಂಟಿ ಕೊಡಬಹುದು.

ಕುದ್ರುವಿಗೆ ಕೊಡಲಾಗದು. ಇದು ನಮ್ಮ ಮಾದರಿಯ ದೊಡ್ಡ ದೌರ್ಬಲ್ಯ. ಯಾವ ಮರಳು ಬೇಗ ಒಳಗೆ ಬಿಟ್ಟುಕೊಂಡಿತೋ ಅದೇ ಮರಳು ಬೇಗ ಹೊರಗೆ ಬಿಡುತ್ತದೆ. ತೆಳುವಾದ ಸಿಹಿನೀರಿನ ಕೆನೆಯನ್ನು ಕರಾವಳಿಯ ಮಳೆ ವರ್ಷವರ್ಷ ತೊಳೆಯುತ್ತದೆ. ನೀವು ವರ್ಷಕ್ಕೊಮ್ಮೆ ಹೊಸದಾಗಿ ಕೆಡಿಸುತ್ತಲೇ ಇರಬೇಕು. ಗೊಬ್ಬರವನ್ನು ಮಳೆಯ ಬಿರುಸು ಇಳಿದ ಮೇಲೆ ಅಳತೆ ಮಾಡಿ ಹಾಕಿ, ಗುಂಡಿಗೆ ತಳವಿರುವ ತೊಟ್ಟಿ ಕಟ್ಟಿಸಿ, ದಡದ ಕಾಂಡ್ಲಾವನ್ನು ಅದರ ಪಾಡಿಗೆ ಬಿಟ್ಟರೆ, ಕೆಲವೇ ಮಳೆಗಾಲದಲ್ಲಿ ಯಂತ್ರ ತಾನಾಗಿ ನಿಂತುಹೋಗುವ ಅಪಾಯವಿದೆ. 2019ರಲ್ಲಿ ಕೊಲಂಬೊದಲ್ಲಿ ಹಲವು ದೇಶಗಳು ಸೇರಿ 2030ರೊಳಗೆ ಸಾರಜನಕದ ಪೋಲನ್ನು ಅರ್ಧಕ್ಕೆ ಇಳಿಸುವ ಘೋಷಣೆ ಮಾಡಿದವು. ಘೋಷಣೆಯಿಂದ ನಮಗೆ ತೊಂದರೆಯಿಲ್ಲ. ತೊಂದರೆ ಇರುವುದು ಅಳತೆಯ ಡಬ್ಬಿಯಿಂದ.

ಗ್ರಾಹಕ ಸೇವೆ

ಜಲಜೀವನ್ ಯೋಜನೆಯಲ್ಲಿ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಊರಿನ ಕೆಲವು ಹೆಂಗಸರಿಗೆ ತರಬೇತಿಯೂ ಆಗಿದೆ. ಕಳೆದ ಬೇಸಗೆಯಲ್ಲಿ ಅತ್ತೆಯ ಬಾವಿಯ ನೀರನ್ನು ಕೊಳವೆಗೆ ಹಾಕಿ ಪುಡಿ ಕದಡಿದೆವು. ಹತ್ತು ನಿಮಿಷಕ್ಕೆ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಬಣ್ಣದ ಪಟ್ಟಿಯ ಜೊತೆ ಹಿಡಿದು ನೋಡಿದರೆ 45ರ ಗೆರೆಯಿಂದ ಒಂದು ಮೆಟ್ಟಿಲು ಆಚೆ. ಅತ್ತೆ ಪಟ್ಟಿಯನ್ನು ಎರಡು ಸಲ ತಿರುಗಿಸಿ ನೋಡಿದರು. "ಹೇಳ್ದಷ್ಟೇ ಹಾಕದ್ ಅಲ್ದಾ ಮಗಾ" ಎಂದರು. ಅದು ನಿಜ. ಅವರು ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಈ ಕೈಪಿಡಿಯ ಒಂದು ಪುಟವನ್ನೂ ಅವರು ಓದಿಲ್ಲ.

ಆ ಜೂನಿನಲ್ಲಿ ಚೀಲ ಬಿಚ್ಚಲಿಲ್ಲ. ಮಣ್ಣು ಪರೀಕ್ಷೆಗೆ ಕಳಿಸಿದೆವು, ಫಲಿತಾಂಶ ಬಂದ ಮೇಲೆ ಸೆಪ್ಟೆಂಬರಿನಲ್ಲಿ ಅರ್ಧ ಹಾಕಿದರು. ತೆಂಗು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಗುಂಡಿ ಇನ್ನೂ ಇದ್ದಲ್ಲೇ ಇದೆ; ಅದನ್ನು ಸರಿಸಲು ಜಾಗವಿಲ್ಲ, ತೊಟ್ಟಿ ಕಟ್ಟಿಸಲು ಸದ್ಯಕ್ಕೆ ದುಡ್ಡಿಲ್ಲ.

ಕುದ್ರು, ಕುರ್ವೆ, ಉಳಿಯಗಳಲ್ಲಿ ಮನೆಯಿರುವವರು, ಅಲ್ಲಿ ತವರಿರುವವರು, ಮುಂಬಯಿಯಿಂದಲೋ ದುಬೈಯಿಂದಲೋ ವರ್ಷಕ್ಕೊಮ್ಮೆ ಬಂದು ಆ ಬಾವಿಯ ನೀರು ಕುಡಿದು ಆಹಾ ಎನ್ನುವವರು ಈ ಸಲ ಎರಡು ಹೊತ್ತು ನೀರು ಪರೀಕ್ಷೆ ಮಾಡಿಸಿ: ಬಾವಿ ತಳ ಕಾಣುವ ಮೇ ತಿಂಗಳಲ್ಲೊಮ್ಮೆ, ಗೊಬ್ಬರ ತೊಳೆದು ಇಳಿಯುವ ಜುಲೈಯಲ್ಲೊಮ್ಮೆ. ಕಿಟ್ ಎಲ್ಲಿದೆ ಎಂದು ಪಂಚಾಯಿತಿಯಲ್ಲಿ ಕೇಳಿ. ಇಲ್ಲ ಎಂದರೆ ಕಪಾಟಿನ ಮೇಲೆ ನೋಡಲು ಹೇಳಿ. ನಮ್ಮದು ಅಲ್ಲೇ ಇತ್ತು.